ಗೌಡರ ಊದಿನಕಡ್ಡಿ, ಅಂಬುಬಾಯಿಯ ರೊಟ್ಟಿ

"ನನ್ನ ಟ್ರ್ಯಾಕ್ಟರಿನ ಹೊಗಿ ಅಂದ್ರ ಊದಿನಕಡ್ಡಿ ಇದ್ದಂಗ. ಮೂಗಿಗಿ ಬಡದ್ರ ಕೆಮ್ಮು ಹೋಗ್ತದ, ಆಯುಷ್ಯ ಬರ್ತದ!"

ವಾಡಿ ಸ್ಟೇಷನ್ನಿನಲ್ಲಿ ಗೂಡ್ಸ್ ಗಾಡಿಯಿಂದ ಆ ಯಂತ್ರ ಇಳಿಸಿಕೊಂಡ ದಿನವೇ ರಾವೂರಿನ ಸೂಗಪ್ಪಗೌಡರು ಹೀಗೆ ಸಾರಿದ್ದರು. ನಿಜಾಮರ ರಾಜ್ಯದ ಕಡೆಯ ವರ್ಷಗಳು. ನಮ್ಮ ಸೀಮೆಯಲ್ಲಿ ಟ್ರ್ಯಾಕ್ಟರ್ ನೋಡಿದವರಿಗಿಂತ ಹುಲಿ ನೋಡಿದವರೇ ಹೆಚ್ಚು. ಸೀಮೆಎಣ್ಣೆ ಕುಡಿದು ಅದು ಉಗುಳುವ ಹೊಗೆ ಎಷ್ಟು ಕಪ್ಪೆಂದರೆ, ಬೆಳಿಗ್ಗೆ ಮೇಯಲು ಹೋದ ನಮ್ಮ ಬಿಳಿ ಎತ್ತು ಸಂಜೆ ಬಂದಾಗ, ಯಾರದೋ ಕೋಣವೆಂದು ನಾನೇ ಅಟ್ಟಿಬಿಟ್ಟೆ. ಅದಿನ್ನೂ ಚಿತ್ತಾಪುರದ ಕಡೆ ಮುನಿಸಿಕೊಂಡು ತಿರುಗುತ್ತಿದೆಯಂತೆ.

ಹೇಳಬೇಕಾದದ್ದು ಅಂಬುಬಾಯಿಯ ಸಂಗತಿ. ಗಂಡ ತೀರಿದ ಮೇಲೆ ತುಂಡು ಎರೆಹೊಲವನ್ನು ಒಬ್ಬಳೇ ಬಿತ್ತಿ ಬೆಳೆದವಳು. ರಾಶಿಯ ಕಾಲಕ್ಕೆ ಮೂರು ಕಾಲಿನ ಎತ್ತರದ ಮಣೆ ಹತ್ತಿ ತೂರಲು ಬುಟ್ಟಿ ಎತ್ತಿದಳೆಂದರೆ, ಪೊಲೀಸ್ ಅಮೀನಸಾಹೇಬರನ್ನು ಕಂಡವರ ಹಾಗೆ ಹೊಟ್ಟು ಓಡಿಹೋಗುತ್ತಿತ್ತು, ಜೋಳ ಕಾಲಿಗೆ ಬೀಳುತ್ತಿತ್ತು. ಗಾಳಿ ನಿಂತರೆ ಪಡುವಣಕ್ಕೆ ಒಮ್ಮೆ ಕಣ್ಣು ಬಿಡುತ್ತಾಳೆ, ಗಾಳಿ ಹೆದರಿ ಬರುತ್ತದೆ ಎಂದು ಊರೇ ನಂಬಿತ್ತು.

ಆ ವರ್ಷ ಗಾಳಿ ಬಂತು, ಹೊಗೆಯನ್ನೂ ಕರೆತಂತು. ಅವಳ ಕಣದ ಪಡುವಣಕ್ಕೇ ಗೌಡರ ಕಣ. ಎತ್ತು ಬಿಟ್ಟು ಟ್ರ್ಯಾಕ್ಟರಿನಿಂದ ತೆನೆ ತುಳಿಸುತ್ತಿದ್ದರು. ಬುಟ್ಟಿಯಿಂದ ಜಾರಿದ ಕಾಳಿಗೆಲ್ಲ ಮಸಿ. ಅದೇ ಅವಳ ವರ್ಷದ ರೊಟ್ಟಿ. ನೆಲದೊಳಗಿನ ಹಗೇವಿಗೆ ಸುರಿದು ಬಾಯಿ ಮುಚ್ಚಿದರೆ ವಾಸನೆ ಒಳಗೇ ಬೀಡುಬಿಡುತ್ತದೆ. ಮುಂದಿನ ಸುಗ್ಗಿಯ ತನಕ ಸೀಮೆಎಣ್ಣೆಯನ್ನೇ ಉಣ್ಣಬೇಕು.

ಒಂದೇ ಬುಟ್ಟಿ ತೂರಿ ಕೆಳಗಿಳಿದಳು.

"ಗೌಡ್ರ, ನಾ ತೂರಾತನ ಇಂಜಿನ್ ಬಂದ್ ಇಡ್ರಿ. ಹೊಗಿ ಎಲ್ಲಾ ನನ್ನ ರಾಶಿ ಮ್ಯಾಲ ಬರ್ಲಿಕತ್ತದ."

"ಗಾಳಿ ನಿಮ್ಮಪ್ಪಂದೇನು? ಊದಿನಕಡ್ಡಿ ಪುಗಸಟ್ಟೆ ಸಿಗ್ಲಿಕತ್ತದ, ತಗೋ!"

ಅಂಬುಬಾಯಿ ಜಗಳವಾಡಲಿಲ್ಲ. ಆ ಒಂದು ಬುಟ್ಟಿ ಜೋಳ ಬೀಸಿಕೊಂಡು ಬಂದು, ಕಣದಲ್ಲೇ ಮೂರು ಕಲ್ಲು ಹೂಡಿ ರೊಟ್ಟಿ ಬಡಿದಳು. ಗೌಡರನ್ನು ರಾಶಿಯ ಊಟಕ್ಕೆ ಕರೆದಳು. ರಾಶಿಯ ಊಟಕ್ಕೆ ಎಂಥ ದೊಡ್ಡವರೂ ಒಲ್ಲೆ ಎನ್ನುವಂತಿಲ್ಲ, ತಾಟಿನಲ್ಲಿ ಚೂರೂ ಬಿಡುವಂತಿಲ್ಲ. ಬಿಟ್ಟವರ ಕಣ ಮುಂದಿನ ವರ್ಷ ಬರಿದಾಗುತ್ತದೆ.

ಗೌಡರು ಮೀಸೆ ತಿರುವಿ ಕುಳಿತರು. ಪುಂಡಿಪಲ್ಯ ಹಚ್ಚಿದ ಮೊದಲ ತುತ್ತು ಒಳಗೆ ಹೋಯಿತು, ಮೀಸೆ ಇಳಿಯಿತು. ಆ ಮುಖ ನೋಡಲು ಕಾಳಗಿಯ ಸಂತೆ ಅರ್ಧಕ್ಕೇ ಎದ್ದು ಬಂತು. ಎರಡನೆಯ ತುತ್ತಿಗೆ ಅವರು ತೇಗಿದಾಗ, ಪಕ್ಕದಲ್ಲಿ ಬೀಡಿ ಹಚ್ಚಲಿದ್ದವನು ಬೆಂಕಿ ಹತ್ತೀತೆಂದು ಕಡ್ಡಿಪೆಟ್ಟಿಗೆ ಎಸೆದು ಓಡಿದ. ಆದರೂ ಗೌಡರು ಬಿಡಲಿಲ್ಲ; ಬಿಡುವಂತಿರಲಿಲ್ಲ. ಕಡೆಯ ಚೂರು ನುಂಗಿ ಡ್ರೈವರನನ್ನು ಕೂಗಿದರು:

"ಏ ನಬೀಸಾಬ್, ಬಂದ್ ಮಾಡೋ ಆ ಪಿಶಾಚಿನ! ಈಕಿ ರಾಶಿ ಮುಗಿಯಾತನ ಮುಟ್ಟಬ್ಯಾಡ!"

ಯಂತ್ರ ಕೆಮ್ಮಿ ಸುಮ್ಮನಾಯಿತು. ಗಾಳಿ ತಿಳಿಯಾಯಿತು. ಅಂಬುಬಾಯಿ ಸೆರಗು ಬಿಗಿದು ಮಣೆ ಹತ್ತಿದಳು. ಗೌಡರು ಗಟಗಟ ನೀರು ಕುಡಿದು ಗೊಣಗಿದರು:

"ಇಂಥಾ ರೊಟ್ಟಿ ಮನುಷ್ಯಾರಿಗಿ ಉಣಸ್ತಾರೇನ, ಅಂಬುಬಾಯಿ?"

ಅವಳು ಬುಟ್ಟಿ ಎತ್ತಿ ಗಾಳಿಗೆ ಹಿಡಿದಳು.

"ಊದಿನಕಡ್ಡಿ ನೀವೇ ಹಚ್ಚಿದ್ದಿರಲ್ರಿ, ಗೌಡ್ರ? ಅದರದೇ ಪ್ರಸಾದ ಅದು. ಇನ್ನೊಂದು ಹಾಕ್ಲೇನ್ರಿ?"