ಈರಮ್ಮನ ಕುತ್ತಿಗೆ ತಿರುಗಿದ ಕಡೆ

ಮೈಮೇಲೆ ದೇವರು ಬರುವುದನ್ನು ನಾನು ಎಂದೂ ನಂಬಿದವಳಲ್ಲ. ಇವತ್ತಿಗೂ ನಂಬುವುದಿಲ್ಲ. ನಂಬಿಬಿಟ್ಟಿದ್ದರೆ ಇಷ್ಟು ವರ್ಷ ಹೊಟ್ಟೆಯಲ್ಲಿ ಸಿಟ್ಟು ಇಟ್ಟುಕೊಂಡು ತಿರುಗಬೇಕಿರಲಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ, ನನ್ನ ತಪ್ಪನ್ನೂ ಸೇರಿಸಿ.

ಆಗ ನಾನು ಮಡಕಶಿರದ ಕಡೆಯಿಂದ ಬಂದು ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದೆ. ಪಕ್ಕದ ಮಿಷನ್ನಿನಲ್ಲಿ ಈರಮ್ಮ, ಅಲ್ಲಿಯವಳೇ, ನನಗಿಂತ ಚಿಕ್ಕವಳು. ಅವಳಿಗೆ ಕಾರಣವೇ ಇಲ್ಲದ ಗಾಬರಿ. ಎದೆ ಡವಡವ ಅನ್ನುವುದು, ಕೈ ನಡುಗಿ ಜೇಬಿನ ಹೊಲಿಗೆ ಸೊಟ್ಟಗಾಗುವುದು. ಹೃದಯ ಚೆನ್ನಾಗಿದೆ, ಧೈರ್ಯವಾಗಿರು ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಧೈರ್ಯವನ್ನು ಯಾವ ಅಂಗಡಿಯಲ್ಲಿ ಮಾರುತ್ತಾರೋ! ಇನ್ನೊಂದು ಸಲ ಸೊಟ್ಟ ಹೊಲಿದರೆ ಮಿಷನ್ ಬಿಡಿಸಿ ಮನೆಗೆ ಕಳಿಸುತ್ತೇನೆ ಎಂದು ಮೇಸ್ತ್ರಿ ಹೆದರಿಸಿದ್ದ.

ಊರಲ್ಲಿ ನನ್ನ ಅಣ್ಣನಿಗೆ ಯಾರೋ ಬೈಯುವ ದನಿಗಳು ಕೇಳುತ್ತಿದ್ದವು. ಮನೋವೈದ್ಯರ ಮಾತ್ರೆಯಿಂದ ಅವನು ತಣ್ಣಗಾಗಿದ್ದ. ಅವನದೂ ತಲೆಯ ಕಾಯಿಲೆ, ಇವಳದೂ ತಲೆಯ ಕಾಯಿಲೆ ಅಂದುಕೊಂಡೆ. ಹಬ್ಬಕ್ಕೆ ಹೋದಾಗ ಅವನ ಮಾತ್ರೆಯದೇ ಒಂದು ಪಟ್ಟಿ ತಂದು ಈರಮ್ಮನಿಗೆ ಕೊಟ್ಟೆ. ಅದರ ಜೊತೆ ಅಣ್ಣ ನುಂಗುತ್ತಿದ್ದ ಇನ್ನೊಂದು ಸಣ್ಣ ಮಾತ್ರೆಯನ್ನು, ಇದ್ಯಾತಕ್ಕೆ ಎಂದು ಅಲ್ಲೇ ಬಿಟ್ಟು ಬಂದೆ.

"ಯಾರ್ಗೂ ಹೇಳ್ಬ್ಯಾಡ ಕಣಮ್ಮಿ, ಹುಚ್ಚರ ಮಾತ್ರೆ ಅಂತಾರೆ," ಅಂದಿದ್ದೆ.

ಮೂರನೇ ದಿನ ಮಧ್ಯಾಹ್ನ ಉಂಡು ಬಂದು ಕೂತವಳ ಕಣ್ಣುಗಳು ಮೇಲಕ್ಕೆ ಸಿಕ್ಕಿಕೊಂಡವು. ದವಡೆ ಬಿಗಿಯಿತು. ಕುತ್ತಿಗೆ ತಿರುಚಿಕೊಂಡು ಎಡಕ್ಕೆ, ನಾನಿದ್ದ ಕಡೆಗೆ ನಿಂತಿತು. ಆಸ್ಪತ್ರೆಗೆ ಹೋಗೋಣ ಎಂದು ನಾನು ಕೂಗುತ್ತಿದ್ದರೆ ಮೇಸ್ತ್ರಿ ಊದಿನಕಡ್ಡಿ ಹಚ್ಚುತ್ತಿದ್ದ!

"ಯಾಕ ಬಂದೀ ತಾಯಿ? ಈಕಿಗೆ ಮಾಟ ಮಾಡಿದೋರು ಯಾರವ್ವಾ? ತೋರ್ಸು!" ಎಂದು ಕೈಮುಗಿದ. ಎಲ್ಲರೂ ಅವಳ ಮೂಗಿನ ನೇರಕ್ಕೆ ನನ್ನನ್ನು ನೋಡಿದರು.

ನನಗೆ ಮೈಯೆಲ್ಲ ಉರಿಯಿತು. ನೋವಿನಿಂದ ತಿರುಚಿದ ಕುತ್ತಿಗೆಯನ್ನು ತೀರ್ಪು ಎಂದು ತಿಳಿಯುವ ಮೂರ್ಖರು! ಸುಳ್ಳು ಮಾಡಿ ತೋರಿಸುತ್ತೇನೆ ಎಂದು ಎದ್ದು, ಅವಳ ಬಲಕ್ಕಿದ್ದ ಇಸ್ತ್ರಿ ಮೇಜಿನ ಹತ್ತಿರ ಹೋಗಿ ನಿಂತೆ. ಕುತ್ತಿಗೆ ಅದುರಿತು. ಇಷ್ಟಿಷ್ಟೇ ಬಲಕ್ಕೆ ತಿರುಗಿ, ಮತ್ತೆ ನನ್ನ ನೇರಕ್ಕೆ ಬಂದು ನಿಂತಿತು. ಕಣ್ಣುಗಳು ಮಾತ್ರ ಮೇಲಿನ ತಗಡಿನಲ್ಲೇ ನೆಟ್ಟಿದ್ದವು. ನಾನು ಅವಳಿಗೆ ಕಾಣುವಂತೆಯೇ ಇರಲಿಲ್ಲ.

ಯಾರೋ ನನ್ನ ಜಡೆಗೆ ಕೈ ಹಾಕಿದರು. ಕತ್ತರಿ ಎತ್ತಿ ಹೆದರಿಸಿ, ಈರಮ್ಮನನ್ನು ಆಟೋಕ್ಕೆ ಹತ್ತಿಸಿಕೊಂಡು ಹೋದೆ. ಡಾಕ್ಟರಮ್ಮ ಮೊದಲು ಕೇಳಿದ್ದು, "ಯಾವ ಮಾತ್ರಿ ತಗೊಂಡಾಳ? ಕೊಟ್ಟೋರು ಯಾರು?"

"ನಾನೇ ಮೇಡಂ," ಅಂದೆ.

ಒಂದು ಇಂಜೆಕ್ಷನ್ನಿಗೆ ಅರ್ಧ ಗಂಟೆಯೊಳಗೆ ಕುತ್ತಿಗೆ ಸಡಿಲಾಯಿತು. ಅದು ಇವಳ ಗಾಬರಿಗೆ ಕೊಡುವ ಮಾತ್ರೆಯಲ್ಲ, ಕೆಲವರಿಗೆ ಹೀಗೆ ಬಿಗಿಯುತ್ತದೆ, ಅದಕ್ಕೇ ಆ ಸಣ್ಣ ಮಾತ್ರೆ ಜೊತೆಗಿರುತ್ತದೆ ಎಂದು ಬೈದು ತಿಳಿಸಿದರು. ಎಡಕ್ಕಿದ್ದದ್ದು ಬಲಕ್ಕೆ ಹೋಯಿತಲ್ಲ ಅಂದರೆ, ಹೋಗಲೂಬಹುದು ಅಂದರು. ನಾನು ಹೋದ ಕಡೆಗೇ ಯಾಕೆ ಅಂದಾಗ ಮುಂದಿನ ರೋಗಿಯನ್ನು ಕರೆದರು.

ನನ್ನ ಕೆಲಸ ಹೋಯಿತು. "ತಾಯಿ ಸುಳ್ಳು ಹೇಳ್ಲಿಲ್ಲ ನೋಡ್ರಿ," ಎಂದು ಮೇಸ್ತ್ರಿ ಬೀದಿಯೆಲ್ಲ ಹೇಳಿಕೊಂಡು ಬಂದ. ಅವನ ಮುಖಕ್ಕೆ ಉಗಿಯಬೇಕು ಅನ್ನಿಸುತ್ತದೆ. ಆದರೆ ಕೊಟ್ಟವಳು ನಾನೇ ಅಲ್ಲವೇ? ಅದು ಅವನಿಗೆ ಗೊತ್ತಿರಲಿಲ್ಲ, ಈರಮ್ಮನನ್ನು ಬಿಟ್ಟರೆ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಅವಳ ಕಣ್ಣಿಗೇ ಕಾಣದ ನಾನು ಎಲ್ಲಿದ್ದೇನೆಂದು ಕುತ್ತಿಗೆಗೆ ಹೇಗೆ ಗೊತ್ತಾಯಿತು? ಎಷ್ಟು ಯೋಚಿಸಿದರೂ ನನಗೆ ಬಗೆಹರಿದಿಲ್ಲ.

ಊರಿಗೆ ಹೊರಡುವ ಮುಂಚೆ ಈರಮ್ಮನನ್ನೇ ಕೇಳಿದೆ. ಅವಳು ಅತ್ತುಬಿಟ್ಟಳು.

"ನಿನ್ನ ಹೆಸರು ಹೊರಗ ಬೀಳಬಾರ್ದಂತ ಬ್ಯಾರೆ ಕಡೆ ತಿರುಗಾಕ ಒದ್ದಾಡಿದ್ನಕ್ಕಾ. ಅದು ನನ್ನ ಮಾತು ಕೇಳ್ಲೇ ಇಲ್ಲ."