ತಂಗಿ ‘ಇಲ್ಲ’ ಎಂದ ಪಂಚಮಿ

ಮೂರು ವರ್ಷದ ಹಿಂದಿನ ಮಾತು. ನಾಗರಪಂಚಮಿಗೆ ಇನ್ನೂ ನಾಲ್ಕು ದಿನವಿತ್ತು. ಮದುವೆಯಾದ ತಂಗಿಯನ್ನು ಹಬ್ಬಕ್ಕೆ ಅಣ್ಣನೇ ಹೋಗಿ ಕರೆಯಬೇಕು. ಹಬ್ಬದ ಸಿಹಿ ಉಂಡಿಯ ಡಬ್ಬಿ ಹಿಡಿದು ಜವಳಗೇರಾದಿಂದ ಲಿಂಗಸುಗೂರಿಗೆ ಹೋದೆ.

ನಾನು ನಾಲ್ಕನೇ ತರಗತಿ ಓದಿದ ಸೆಂಟ್ರಿಂಗ್ ಮೇಸ್ತ್ರಿ; ಕಾಂಕ್ರೀಟ್ ಬಿಗಿಯುವವರೆಗೆ ಅದನ್ನು ಹೊರುವ ಹಲಗೆ, ಕಂಬ ಕಟ್ಟುವವನು. ತಂಗಿ ಸುಜಾತಾ ಎಂಜಿನಿಯರಿಂಗ್ ಓದಿ, ಅಲ್ಲಿ ಕಟ್ಟುತ್ತಿದ್ದ ಒಂದು ಹಾಸ್ಟೆಲಿಗೆ ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದಳು. ಸೆಂಟ್ರಿಂಗ್ ಕೆಲಸ ನನಗೇ ಕೊಟ್ಟಿದ್ದಳು. ವರಾಂಡದ ಸ್ಲ್ಯಾಬ್ ಹಾಕಿ ಒಂಬತ್ತು ದಿನವಾಗಿತ್ತು. ಅದರ ಕೆಳಗಿನ ಆಸರೆ ಕಂಬಗಳನ್ನೇ ತಂದು ನಿಲ್ಲಿಸುತ್ತೇನೆಂದು ಮಸ್ಕಿಯಲ್ಲಿ ಮನೆ ಕಟ್ಟಿಸುತ್ತಿದ್ದ ಒಬ್ಬರಿಗೂ ಒಪ್ಪಿಕೊಂಡುಬಿಟ್ಟಿದ್ದೆ. ಯಾರು ಕೇಳಿದರೂ ‘ಆತು ಬಿಡ್ರಿ’ ಅನ್ನುವುದು ನನ್ನ ಚಟ.

“ಹಬ್ಬಕ್ಕ ಬಾರವ್ವ” ಎಂದು ಡಬ್ಬಿ ಕೊಟ್ಟೆ. ಹಿಂದೆಯೇ, “ವರಾಂಡದ ಕಂಬ ಇವತ್ತ ಬಿಚ್ಚಲೇನು?” ಎಂದೆ.

“ಅಣ್ಣಾ, ಇಪ್ಪತ್ತೊಂದು ದಿನ ಬೇಕು. ಇನ್ನ ಒಂಬತ್ತ ಆಗ್ಯಾವ.”

“ಇಪ್ಪತ್ತು ವರ್ಷದಿಂದ ಇದ ಕೆಲಸ ಮಾಡಾಕತ್ತೀನಿ, ನನಗ ಕಲಸ್ತೀಯೇನ ಬೇ? ಕರಿಯಾಕ ಬಂದ ಅಣ್ಣನ್ನ ಬರಿಗೈಲೆ ಕಳಸ್ತೀ?”

ಅವಳು ಡಬ್ಬಿಯನ್ನೇ ನೋಡಿದಳು. “ಆತಣ್ಣ, ಬಿಚ್ಚು” ಎಂದಳು.

ಮೂರನೇ ದಿನ ಸ್ಲ್ಯಾಬ್ ನಡುವೆ ಜಗ್ಗಿ ಬಿರುಕು ಬಿಟ್ಟಿತು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ. ರಾಯಚೂರಿನಿಂದ ಅಂದೇ ಬಂದ ಅವಳ ಮೇಲಿನ ಸಾಹೇಬರು, “ಕಂಬ ತೆಗೀರಿ ಅಂದವರು ಯಾರು?” ಎಂದು ಗುಡುಗಿದರು.

“ನಾನ್ರೀ ಸರ್” ಎಂದಳು ಸುಜಾತಾ.

ಹತ್ತು ಹೆಜ್ಜೆ ದೂರದಲ್ಲಿ ನಾನು ತಲೆ ಬಗ್ಗಿಸಿ ಹಲಗೆಯ ಮೊಳೆ ಕೀಳುತ್ತಲೇ ಇದ್ದೆ. ಸ್ಲ್ಯಾಬ್ ಒಡೆಸಿದರು. ಅವಳನ್ನು ಆ ಕೆಲಸದಿಂದ ತೆಗೆದು ಬೇರೊಬ್ಬರ ಕೈಕೆಳಗೆ ಹಾಕಿದರು. ಮರುದಿನ ಹಬ್ಬಕ್ಕೆ ಬಂದಳು, ಆದರೆ ಹೆಣ್ಣುಮಕ್ಕಳೆಲ್ಲ ಆಡುವ ಪಂಚಮಿಯ ಜೋಕಾಲಿ ಹತ್ತಲಿಲ್ಲ.

ಈ ವರ್ಷ ಸಿಂಧನೂರಿನಲ್ಲಿ ಅವಳಿಗೆ ಮತ್ತೆ ಪೂರ್ತಿ ಕೆಲಸ ಒಪ್ಪಿಸಿದ್ದಾರೆ. ಸೆಂಟ್ರಿಂಗಿಗೆ ನನ್ನನ್ನೇ ಕರೆದಳು. ಪಂಚಮಿಗೆ ಕರೆಯಲು ಹೋದಾಗ ಮತ್ತೆ ಅದೇ ಇಕ್ಕಟ್ಟು. ಇನ್ನೂ ಹಸಿಯಿದ್ದ ಸ್ಲ್ಯಾಬಿನ ಕಂಬಗಳನ್ನು ಬೇರೆ ಕಡೆ ಕೊಡುವುದಾಗಿ ಮಾತು ಕೊಟ್ಟಿದ್ದೆ. ಕೇಳಬಾರದು ಅಂದುಕೊಂಡೇ ಕೇಳಿಬಿಟ್ಟೆ.

ಅವಳು ನಕ್ಕಳು. “ಹಬ್ಬಕ್ಕ ಕರಿಯಾಕ ಬಂದೀಯೋ, ಕಂಬ ಬಿಚ್ಚಾಕ ಬಂದೀಯೋ?”

“ಎರಡಕ್ಕೂ.”

“ಹಬ್ಬಕ್ಕ ಬರ್ತೀನಿ. ಕಂಬ ಮಾತ್ರ ಇಲ್ಲಣ್ಣ.” ಅಷ್ಟು ಹೇಳಿ ಡಬ್ಬಿ ತೆರೆದು ಒಂದು ಉಂಡಿ ಬಾಯಿಗೆ ಹಾಕಿಕೊಂಡಳು. “ಸಿಟ್ಟು ಬಂತೇನು?”

ಸಿಟ್ಟು ಬರಲಿಲ್ಲ. ಎದೆ ಹಗುರಾಯಿತು. ಹೊರಗೆ ಬಂದು, ಮಾತು ಕೊಟ್ಟವರಿಗೆ ಫೋನ್ ಹಚ್ಚಿ, “ಆಗಂಗಿಲ್ರಿ” ಎಂದೆ. ನನ್ನ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು.

ಆದರೂ ಅಂದು ಸಾಹೇಬರ ಮುಂದೆ ಆಡಬೇಕಿದ್ದ ಮಾತು ಹಾಗೇ ಉಳಿದಿದೆ. ಅವಳು ಒಮ್ಮೆಯೂ ಅದನ್ನು ಎತ್ತಿಲ್ಲ. ಇಲ್ಲಿಯಾದರೂ ಬರೆಯುತ್ತೇನೆ: ಕಾಡಿ ಒಪ್ಪಿಸಿದ್ದು ನಾನು. ಬಿಚ್ಚಿದ್ದೂ ನಾನೇ.