ಮಡಿವಾಳ ಕೆರೆಯಲ್ಲಿ ನಮ್ಮೂರಿನ ಹಕ್ಕಿ

ಇವತ್ತು ಬೆಳಿಗ್ಗೆ ಬೆಂಗಳೂರಿನ ಮಡಿವಾಳ ಕೆರೆಯ ದಂಡೆಯಲ್ಲಿ ಒಬ್ಬ ಅಂಕಲ್ ಜೊತೆ ಬಾತುಕೋಳಿ ವಿಷಯಕ್ಕೆ ವಾದಕ್ಕಿಳಿದೆ, ಸ್ನೇಹಿತರೇ.

ನೀರಿನಲ್ಲಿ ಬೂದು ಬಣ್ಣದ ಹಿಂಡು ಕಂಡದ್ದೇ ತಡ, "ನಮ್ಮೂರ ಹಕ್ಕಿ ಬಂದಾವ" ಎಂದು ಜೋರಾಗಿಯೇ ಹೇಳಿಬಿಟ್ಟೆ. ಗದಗದ ಕಡೆ ನಮ್ಮೂರಿನ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯದ ಆಚೆಯಿಂದ ಪಟ್ಟೆ ತಲೆಯ ಹೆಬ್ಬಾತುಗಳು ಬರುತ್ತವೆ. ಹೊಲಕ್ಕಿಳಿದು ಕಡಲೆ ಮೇಯ್ದರೂ ಯಾರೂ ಕಲ್ಲೆಸೆಯುವುದಿಲ್ಲ. ಅವಕ್ಕೆ ಬೀಗರ ಮರ್ಯಾದೆ.

ವಾಕಿಂಗ್ ಮಾಡುತ್ತಿದ್ದ ಅಂಕಲ್ ನಿಂತರು. "ಇವು ಎಲ್ಲಿಂದಾನೂ ಬಂದಿಲ್ಲ ಮೇಡಂ. ವರ್ಷಪೂರ್ತಿ ಇಲ್ಲೇ ಇರ್ತವೆ, ನಾನು ದಿನಾ ನೋಡ್ತೀನಲ್ಲ."

"ನಮ್ಮ ಹಕ್ಕಿ ನನಗ ಗೊತ್ತಾಗಂಗಿಲ್ಲೇನ್ರಿ?" ಎಂದವಳೇ, ಊರಿನಲ್ಲಿರುವ ಅಕ್ಕನಿಗೆ ವಿಡಿಯೊ ಕಾಲ್ ಮಾಡಿ ಫೋನನ್ನು ಕೆರೆಯತ್ತ ತಿರುಗಿಸಿದೆ.

ಅಕ್ಕ ಫೋನಿಗೆ ಮುಖ ಹತ್ತಿರ ತಂದು ನೋಡಿದಳು. "ಇವಕ್ಕ ತಲಿ ಮ್ಯಾಲ ಪಟ್ಟಿ ಎಲ್ಲದಾವ? ನಮ್ಮವು ಹ್ವಾದ ವಾರನ ಇಲ್ಲಿ ಬಂದು ಇಳದಾವ. ನೀ ಒಬ್ಬಾಕಿನ ಬಂದಿಲ್ಲ."

ಗೆದ್ದ ಅಂಕಲ್ ನಗಲಿಲ್ಲ. "ಯಾವಾಗಮ್ಮ ಹೋಗ್ತೀರ ಊರಿಗೆ?" ಎಂದರು.

"ರಜೆ ಕೇಳೀನ್ರಿ" ಎಂದೆ.

ಅವು ಹಿಮಾಲಯ ದಾಟಿ ನಮ್ಮೂರು ಮುಟ್ಟಿವೆ. ನನಗೆ ಇನ್ನೂ ನಮ್ಮ ಮ್ಯಾನೇಜರನ್ನು ದಾಟಲಾಗಿಲ್ಲ.